ಮನಿಗೆ ಸೋಲಾರಾ, ಗಾಳಿ ಫ್ಯಾನಾ, ಗೋಬರ್ ಗ್ಯಾಸಾ? ಗೊತ್ತಿದ್ದೋರು ಸ್ವಲ್ಪ ಹೇಳ್ರಿ (ಗಂಗಾವತಿ)

ಗಂಗಾವತಿ_ಮಾಳಿಗಿ:

ಎಲ್ಲಾರಿಗೂ ನಮಸ್ಕಾರ್ರಿ. ಮನಿಗೆ ಸೋಲಾರ್ ಹಾಕ್ಸಬೇಕಂತ ಮಾಡೀನಿ, ಆದ್ರ ಒಬ್ಬೊಬ್ರು ಒಂದೊಂದು ಹೇಳಾಕತ್ತಾರ, ತಲಿ ಕೆಟ್ಟೈತಿ. ಗಂಗಾವತಿ ಊರಾಗ ನಮ್ದು ಆರ್‌ಸಿಸಿ ಮನಿ, ಮ್ಯಾಲ ಒಂದು ರೂಮು, ಉಳಿದದ್ದು ಖಾಲಿ ಮಾಳಿಗಿ. ಅಪ್ಪ ಅವ್ವ, ನಾನು, ನಮ್ಮನಿಯಾಕಿ, ಎರಡು ಹುಡುಗ್ರು. ಗೃಹಜ್ಯೋತಿ ಐತ್ರಿ, ಹಂಗಾಗಿ ಮಳಿಗಾಲ ಚಳಿಗಾಲದಾಗ ನೂರೈವತ್ತು ಯೂನಿಟ್ ಆಸುಪಾಸು ಬರ್ತೈತಿ, ಬಿಲ್ಲು ಸೊನ್ನಿ. ಮಾರ್ಚ್ ಬಂತಂದ್ರ ಕತಿ ಬ್ಯಾರೆ, ಎಸಿ ಹಚ್ಚಿದ್ದು ಹಚ್ಚಿದ್ದೇ, 330 ಯೂನಿಟ್ ಮಟ ಹೋಗ್ತೈತಿ, 200 ದಾಟಿದ್ರ ಪೂರ್ತಿ ಬಿಲ್ ನಮ್ಮ ತಲಿ ಮ್ಯಾಲ. ಮ್ಯಾಲಿಂದ ಕರೆಂಟ್ ಹೋಗೂದು, ಭತ್ತಕ್ಕ ನೀರು ಹಾಯ್ಸೋ ಟೈಮಿನ್ಯಾಗ ವೋಲ್ಟೇಜ್ ಬೀಳೂದು ಇದ್ದದ್ದೇ.

ಒಬ್ರು ಸೋಲಾರ್ ಅಂಗಡಿಯವ್ರು ಬಂದು ಮಾಳಿಗಿ ನೋಡಿ, 5 ಕಿಲೋವ್ಯಾಟ್ ಹೈಬ್ರಿಡ್ ಹಾಕ್ಸಿಬಿಡ್ರಿ, ಬ್ಯಾಟರಿ ಸಮೇತ ನಾಕೂವರಿ ಲಕ್ಷ, ಜೀವಮಾನ ಪೂರ್ತಿ ಬಿಲ್ಲೇ ಬರಂಗಿಲ್ಲ ಅಂದ್ರು. ನಮ್ಮ ಮಾವನ ಮಗ ಯಲಬುರ್ಗಾ ಕಡಿಯವ, ಅವ ಅಂತಾನ "ಸೋಲಾರ್ ಹಗಲಿಗಷ್ಟ, ನಮ್ಮ ಹೊಲದ ಸುತ್ತ ಗಾಳಿಲೆ ಕರೆಂಟ್ ಮಾಡೋ ಫ್ಯಾನ್ ಹೆಂಗ ತಿರಗ್ತಾವ ನೋಡು, ಸಣ್ಣದೊಂದು ಮಾಳಿಗಿ ಮ್ಯಾಲ ನಿಲ್ಸು, ರಾತ್ರಿನೂ ಕರೆಂಟ್ ಬರ್ತೈತಿ". ಅಪ್ಪಂದು ಇನ್ನೊಂದು, "ನಾಕು ಎಮ್ಮಿ ಅದಾವ, ಗೋಬರ್ ಗ್ಯಾಸ್ ಹಾಕ್ಸು, ಸಿಲಿಂಡರ್ ರೊಕ್ಕ ಉಳೀತೈತಿ". ಅವ್ವ ಇವು ಯಾವೂ ಬ್ಯಾಡ ಅಂತಾಳ, ಬ್ಯಾಸಗ್ಯಾಗ ಮಾಳಿಗಿ ಮ್ಯಾಲ ಮಲಗೂದು, ಸಂಡಿಗಿ ಹಪ್ಪಳ ಒಣಾ ಹಾಕೂದು, ಆ ಜಾಗ ಹೋಗ್ತೈತಂತ.

ಕೈಯಾಗ ಒಂದೂವರಿ ಲಕ್ಷ ಐತಿ, ಬೇಕಾದ್ರ ಸಾಲ ಮಾಡಬಹುದು. ಇನ್ನೊಂದು, ಕರೆಂಟ್ ಮೀಟರಿನ ಆರ್‌ಆರ್ ನಂಬರ್ ಇನ್ನೂ ತೀರಿಹೋದ ನಮ್ಮಜ್ಜನ ಹೆಸರಿನ್ಯಾಗ ಐತಿ. ಮತ್ತ ನಮ್ಮ ಓಣ್ಯಾಗ ಮಂಗ್ಯಾನ ಕಾಟ ವಿಪರೀತ, ಆನೆಗೊಂದಿ ಗುಡ್ಡದಿಂದ ಇಳಿದು ಬರ್ತಾವೋ ಏನೋ, ಡಿಶ್ ವೈರೇ ಉಳಿಸಿಲ್ಲ. ಅನುಭವ ಇದ್ದೋರು ಹೇಳ್ರಿ, ಏನ್ ಮಾಡ್ಲಿ?

ಬಳ್ಳಾರಿ_ವೈರಿಂಗ್:

ತಮ್ಮಾ, ನಾನು ಬಳ್ಳಾರಿಯಾಗೆ ವೈರಿಂಗ್ ಕೆಲಸ ಮಾಡೋನು, ಸೋಲಾರ್ ಫಿಟ್ಟಿಂಗ್‌ಗೂ ಹೋಗ್ತೀನಿ, ಅಂದ್ರೆ ಸೋಲಾರ್ ಹಾಕ್ಸು ಅಂದ್ರೆ ನನ್ನಂಥೋರಿಗೆ ಲಾಭ. ಆದ್ರೂ ಹೇಳ್ತೀನಿ ಕೇಳು, ಯಾವ ಕಂಪನಿ ಪ್ಯಾನೆಲ್ ಅಂತ ಆಮೇಲೆ ನೋಡಾನ, ಮೊದಲು ಒಂದು ವರ್ಷದ ಬಿಲ್ ಎಲ್ಲಾ ಎತ್ಕೊಂಡು ಕೂತ್ಕ. ನಿನಗೆ ಇರೋ ತೊಂದರೆ ಬಿಲ್ಲಾ, ಕರೆಂಟ್ ಹೋಗೋದಾ? ಎರಡೂ ಬೇರೆ ಬೇರೆ ತೊಂದರೆ, ಎರಡಕ್ಕೂ ಔಷಧಿನೂ ಬೇರೆ. ಅಂಗಡಿಯೋರು ಎರಡನ್ನೂ ಸೇರ್ಸಿ ಒಂದೇ ದೊಡ್ಡ ಪ್ಯಾಕೇಜ್ ಮಾಡಿ ಮಾರ್ತಾರೆ, ಅಲ್ಲೇ ನೋಡು ನಾಲ್ಕೂವರೆ ಲಕ್ಷ ಆಗೋದು.

ಲೆಕ್ಕ ಹಾಕಾನ. 2025ರ ಏಪ್ರಿಲ್ ರೇಟು ತಗೋ, ಯೂನಿಟ್‌ಗೆ 5.80, ಮೇಲೆ ಪಿಂಚಣಿ ಸರ್‌ಚಾರ್ಜ್ 36 ಪೈಸೆ, ತೆರಿಗೆ 9 ಪರ್ಸೆಂಟ್, ಎಲ್ಲಾ ಕೂಡಿ ಆರು ರೂಪಾಯಿ ಎಪ್ಪತ್ತು ಪೈಸೆ ಹತ್ರ ಹೋಗ್ತೈತೆ. 330 ಯೂನಿಟ್ ಅಂದ್ರೆ 2,200 ರೂಪಾಯಿ. ಫಿಕ್ಸೆಡ್ ಚಾರ್ಜ್ ಕಿಲೋವ್ಯಾಟ್‌ಗೆ 145, ನಿನ್ನ ಲೋಡ್ 3 ಕಿಲೋವ್ಯಾಟ್ ಇದ್ರೆ 435. ತಿಂಗಳಿಗೆ ಎರಡು ಸಾವಿರದ ಆರ್ನೂರು ಚಿಲ್ಲರೆ, ಅದೂ ವರ್ಷಕ್ಕೆ ನಾಲ್ಕೇ ತಿಂಗಳು, ಒಟ್ಟು ಹತ್ತೂವರೆ ಸಾವಿರ. ಈಗ ನಾಲ್ಕೂವರೆ ಲಕ್ಷದಾಗೆ ಕೇಂದ್ರದ ಸೋಲಾರ್ ಸಬ್ಸಿಡಿ 78,000 ತೆಗಿ, 3,72,000 ಉಳೀತು. ಹತ್ತೂವರೆ ಸಾವಿರದಿಂದ ಭಾಗಿಸಿ ನೋಡು, ದುಡ್ಡು ವಾಪಸ್ ಬರಾಕೆ ಮೂವತ್ತೈದು ವರ್ಷ ಬೇಕು, ಪ್ಯಾನೆಲ್‌ಗೆ ಕೊಡೋ ಪರ್ಫಾರ್ಮೆನ್ಸ್ ವಾರಂಟಿನೇ 25 ವರ್ಷ! ಬ್ಯಾಟರಿ ಅಷ್ಟರಾಗೆ ಎಷ್ಟು ಸಲ ಬದಲಾಗಿರ್ತೈತೋ. ಇನ್ನು ಜೀವಮಾನ ಪೂರ್ತಿ ಬಿಲ್ ಬರಲ್ಲ ಅನ್ನೋದು, ಸೋಲಾರ್ ಇದ್ರೂ ಫಿಕ್ಸೆಡ್ ಚಾರ್ಜ್ ಎಲ್ಲಿಗೂ ಓಡಿಹೋಗಲ್ಲ, ಅವ್ರನ್ನೇ ಕೇಳು.

ನಿಮ್ಮನ್ಯಾಗೆ ಹಳೇ ಫ್ಯಾನ್ ಎಷ್ಟು? ಐದು ಇದಾವೆ ಅಂದ್ಕೊಂಡ್ರೆ, ಹಳೇದು ಒಂದೊಂದು 75 ವ್ಯಾಟ್ ತಿಂತೈತೆ, ಕಡಿಮೆ ಕರೆಂಟ್ ತಿನ್ನೋ ಹೊಸ ಮಾದರಿ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ಬೇಸಿಗ್ಯಾಗೆ ದಿನಕ್ಕೆ ಹದಿನೈದು ತಾಸು ತಿರುಗಿದ್ರೆ ತಿಂಗಳಿಗೆ ನೂರು ಯೂನಿಟ್ ಅದರಾಗೇ ಉಳೀತೈತೆ, 330 ಇದ್ದದ್ದು 230ಕ್ಕೆ ಬಂತು. ಎಸಿ 24ಕ್ಕೆ ಇಡೋದು ಬಿಟ್ಟು 27ಕ್ಕೆ ಇಟ್ಟು ಫ್ಯಾನ್ ಹಾಕು, 200ರ ಹತ್ರ ಬಂದೇ ಬಿಡ್ತೈತೆ. ಹದಿನೈದು ಸಾವಿರದ ಫ್ಯಾನ್ ಮಾಡೋ ಕೆಲಸಕ್ಕೆ ಲಕ್ಷಗಟ್ಲೆ ಯಾಕಪ್ಪಾ ಸುರೀತೀಯ. ಆದ್ರೆ ಒಂದು ನೆನಪಿಟ್ಕ, ಗೃಹಜ್ಯೋತಿ ಅಂದ್ರೆ ಎಲ್ಲಾರಿಗೂ ಪೂರ್ತಿ 200 ಫ್ರೀ ಅಂತ ಅಲ್ಲ, ನಿಂದು 2022-23ರ ಸರಾಸರಿ ಎಷ್ಟಿತ್ತೋ ಅದರ ಮೇಲೆ 10 ಪರ್ಸೆಂಟ್, ಅಷ್ಟೇ ಫ್ರೀ. ಆ ಮಿತಿ ದಾಟಿ 200ರ ತನಕ ಬಳಸಿದ್ರೆ ಹೆಚ್ಚಿಗೆ ಆದಷ್ಟಕ್ಕೇ ಕಟ್ಟೋದು, 200 ದಾಟಿದ್ರೆ ಮೊದಲ ಯೂನಿಟ್‌ನಿಂದ ಎಲ್ಲಾ.

ಕರೆಂಟ್ ಹೋಗೋದಕ್ಕೆ: ಸಬ್ಸಿಡಿ ಬರೋದು ಗ್ರಿಡ್‌ಗೆ, ಅಂದ್ರೆ ಕರೆಂಟ್ ಕಂಪನಿ ಲೈನ್‌ಗೆ ಸೇರಿದ ಸಿಸ್ಟಮ್‌ಗೆ. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಹಾಕ್ಸಿದ್ರೆ, ಕರೆಂಟ್ ಹೋದ ಕೂಡ್ಲೇ ಮಾಳಿಗೆ ಮೇಲೆ ಕೆಂಡದಂಥ ಬಿಸಿಲಿದ್ರೂ ಅದು ಬಂದ್ ಆಗ್ತೈತೆ. ಬಂದ್ ಆಗಲೇಬೇಕು, ಇಲ್ಲಾಂದ್ರೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮನೆ ಕರೆಂಟ್ ಹೊಡೀತೈತೆ. ಇದನ್ನ ಯಾರೂ ಮೊದಲೇ ಹೇಳಲ್ಲ, ಹಾಕ್ಸಿದ ಮೇಲೆ ಜನ ಬಂದು ನನ್ನ ಮೇಲೆ ರೇಗ್ತಾರೆ. ಕರೆಂಟ್ ಹೋದಾಗ ನಾಲ್ಕು ಫ್ಯಾನು, ಲೈಟು, ವೈಫೈ ಅಷ್ಟೇ ಸಾಕು ಅಂದ್ರೆ ಮನ್ಯಾಗೆ ಯುಪಿಎಸ್ ಇದ್ರೆ ಅದರ ಬ್ಯಾಟರಿನೇ ಸಾಕು, ಬಿಎಲ್‌ಡಿಸಿ ಹಾಕ್ಸಿದ್ರೆ ಅದೇ ಬ್ಯಾಟರಿ ಎರಡರಷ್ಟು ಹೊತ್ತು ಬರ್ತೈತೆ.

ಕುಕನೂರು_ಗಾಳಿ:

ಗಾಳಿ ಫ್ಯಾನಿನ ಬಗ್ಗೆ ನಾ ಹೇಳ್ತೀನ್ರಿ, ಐದಾರು ವರ್ಷದಿಂದ ಅದೇ ಸೈಟಿನ್ಯಾಗ ಕೆಲಸ ಮಾಡಾಕತ್ತೀನಿ. ನಿಮ್ಮ ಮಾವನ ಮಗ ನೋಡಿದ ಫ್ಯಾನಿನ ಕಂಬ ನೂರು ಮೀಟರ್ ಎತ್ತರದ್ದು, ಅಲ್ಲಿ ಬರೋ ಗಾಳಿ ಬ್ಯಾರೆ, ನಿಮ್ಮ ಮಾಳಿಗಿ ಮ್ಯಾಲ ಎಂಟು ಹತ್ತು ಮೀಟರಿಗೆ ಬರೋ ಗಾಳಿ ಬ್ಯಾರೆ. ಊರಾಗ ಸುತ್ತ ಮನಿ, ಗಿಡ, ಟ್ಯಾಂಕು, ಅವಕ್ಕೆಲ್ಲಾ ಬಡಿದು ಗಾಳಿ ಹಳ್ಳದ ಸುಳಿ ಇದ್ದಂಗ ಸುತ್ತತೈತಿ, ಫ್ಯಾನ್ ಎತ್ತಾಗ ಮುಖ ಮಾಡಬೇಕಂತ ಅದಕ್ಕೇ ತಿಳಿಯಂಗಿಲ್ಲ.

ಇನ್ನೊಂದು ಲೆಕ್ಕ ಐತಿ. ಗಾಳಿ ವೇಗ ಅರ್ಧ ಆದ್ರ ಕರೆಂಟ್ ಅರ್ಧ ಆಗಂಗಿಲ್ಲ, ಎಂಟನೇ ಒಂದು ಪಾಲಿಗೆ ಇಳೀತೈತಿ. ಒಂದು ಕಿಲೋವ್ಯಾಟ್ ಅಂತ ಬರ್ದಿರೋ ಸಣ್ಣ ಫ್ಯಾನು ಆ ಒಂದು ಕಿಲೋವ್ಯಾಟ್ ಕೊಡೂದು ಸೆಕೆಂಡಿಗೆ ಹತ್ತು ಹನ್ನೆರಡು ಮೀಟರ್ ಗಾಳಿ ಬೀಸಿದಾಗ. ನಿಮ್ಮ ಓಣ್ಯಾಗ ಅಂಥ ಗಾಳಿ ಬಿಡ್ತು ಅಂದ್ರ ಮೊದಲು ಪಕ್ಕದ ಮನಿ ತಗಡು ಹಾರಿ ಬರ್ತೈತಿ. ಅದರ ಸಪ್ಪಳ, ಅಲುಗಾಟ ಎಲ್ಲಾ ಸ್ಲ್ಯಾಬಿಗೆ ಇಳೀತೈತಿ, ಅದು ಬ್ಯಾರೆ. ಆಷಾಢದಾಗ ಎರಡು ತಿಂಗಳು ಚೊಲೋ ತಿರಗಬಹುದು, ಆದ್ರ ನಿಮಗ ಕರೆಂಟ್ ಬೇಕಾಗಿದ್ದು ಏಪ್ರಿಲ್‌ದಾಗ. ಊರ ಹೊರಗ ಹೊಲದಾಗ ಬಯಲಿನ್ಯಾಗ ಮನಿ ಇದ್ದು ಲೈನೇ ಇಲ್ಲಂದ್ರ ಆ ಮಾತು ಬ್ಯಾರೆ, ಗಂಗಾವತಿ ಊರಾಗ ಬಿಟ್ಟುಬಿಡ್ರಿ.

ಸಿರುಗುಪ್ಪ_ಸೊಸೆ:

ಗೋಬರ್ ಗ್ಯಾಸ್ ಬಗ್ಗೆ ಯಾರೂ ಮಾತಾಡ್ಲಿಲ್ಲ, ನಾನು ಹೇಳ್ತೀನಿ. ನಮ್ಮನೇಲಿ ಐತೆ, ನಾನು ಮದುವಿ ಆಗಿ ಬಂದಾಗಿಂದ ಐತೆ. ಚೆನ್ನಾಗೇ ಐತೆ, ಬೈಯಲ್ಲ. ಆದ್ರೆ ಅಣ್ಣಾರೇ, ನಿಮ್ಮಪ್ಪಾಜಿನ ಒಂದು ಮಾತು ಕೇಳ್ರಿ, ದಿನಾ ಬೆಳಿಗ್ಗೆ ಸಗಣಿ ಕಲಸೋರು ಯಾರು ಅಂತ. ಪ್ಲಾಂಟ್ ಕಟ್ಟೋ ದಿನ ಮನೆ ಗಂಡಸರೆಲ್ಲಾ ನಿಂತಿರ್ತಾರೆ, ಎಂಟು ದಿನ ಆದ್ಮೇಲೆ ಬಕೆಟ್ ಯಾರ ಕೈಗೆ ಬರ್ತೈತಿ ಅಂತ ನಾನು ಹೇಳೋದು ಬ್ಯಾಡ. ಹೆಂಡತಿನೂ ಕೇಳ್ರಿ, ಬರೀ ಅಪ್ಪನ್ನ ಅಲ್ಲ.

ಲೆಕ್ಕ ಹೇಳ್ತೀನಿ, ಎರಡು ಘನ ಮೀಟರ್ ಪ್ಲಾಂಟ್‌ಗೆ ದಿನಕ್ಕೆ 50 ಕೆಜಿ ಸಗಣಿ ಬೇಕು, ಅಷ್ಟೇ ನೀರು ಹಾಕಿ ಕಲಸಬೇಕು. ನಾಲ್ಕು ಎಮ್ಮೆ ಕಟ್ಟಿ ಮೇಯಿಸಿದ್ರೆ ಅಷ್ಟು ಬೀಳ್ತೈತಿ, ಹೊರಗೆ ಮೇಯಾಕೆ ಬಿಟ್ರೆ ಅರ್ಧ ದಾರಿಯಾಗೇ ಹೋಗ್ತೈತಿ. ಪೂರ್ತಿ ಹಾಕಿದ್ರೆ ನಾಲ್ಕೈದು ಮಂದಿ ಅಡಿಗೆ ಆಗ್ತೈತಿ, ತಿಂಗಳಿಗೆ ಒಂದೂವರೆ ಎರಡು ಸಿಲಿಂಡರ್ ಉಳಿದಂಗೆ. ನಮಗೆ ಗ್ಯಾಸ್‌ಗಿಂತ ಹೆಚ್ಚು ಲಾಭ ಆಗಿದ್ದು ಹೊರಗೆ ಬರೋ ಸ್ಲರಿ, ಹೊಲಕ್ಕೆ ಹಾಕ್ತೀವಿ. ಮುಖ್ಯ ಏನಂದ್ರೆ ಎಮ್ಮೆ ಎಲ್ಲಿ ಕಟ್ಟೀರಿ? ಮನೆ ಹಿತ್ತಲದಾಗೆ ಇದ್ರೆ ಮಾತ್ರ ನಡೀತೈತಿ. ಹೊಲದಾಗೆ ಕೊಟ್ಟಿಗೆ ಇದ್ರೆ ಗ್ಯಾಸ್ ಅಲ್ಲೇ ಉಳೀತೈತಿ, ಅಡಿಗೆ ಮಾಡೋದು ಊರಾಗೆ. ಮತ್ತೆ ಇದರಿಂದ ಎಸಿ ಬಿಲ್ಲೇನೂ ಕಡಿಮಿ ಆಗಲ್ಲ, ಅದು ಬೇರೆ ಲೆಕ್ಕ ಇದು ಬೇರೆ ಲೆಕ್ಕ.

ಸೋಲಾರ್ ವಾಟರ್ ಹೀಟರ್ ಯಾರಾದ್ರೂ ಹೇಳ್ತಾರೆ ನೋಡ್ರಿ, ಅದನ್ನೂ ಈಗ್ಲೇ ಹೇಳಿಬಿಡ್ತೀನಿ, ನಮ್ಮ ಸೀಮೆಯಾಗೆ ಎಂಟು ತಿಂಗಳು ಸಿಂಟೆಕ್ಸ್ ನೀರೇ ಕೈ ಸುಡ್ತೈತಿ. ಡಿಸೆಂಬರ್ ಜನವರಿಗೆ ಒಂದು ಬಕೆಟ್ ಬಿಸಿ ನೀರಿಗೆ ಅದೆಲ್ಲಾ ಬೇಕಾ.

ರಾಯಚೂರು_ಬಿಸಿಲು:

ಬಳ್ಳಾರಿ ಅಣ್ಣೋರ ಲೆಕ್ಕ ಸರಿ ಅದ, ಆದ್ರ ಅಲ್ಲಿಗೇ ನಿಲ್ಸಿದ್ರ ಹೆಂಗ? ನಮ್ದು ರಾಯಚೂರು, ಅಣ್ಣ ತಮ್ಮಂದ್ರು ಎಲ್ಲಾ ಒಂದೇ ಮೀಟರ್ ಮ್ಯಾಲ ಅದೀವಿ, ಕೆಳಗ ಹಿಟ್ಟಿನ ಗಿರಣಿ ಇಲ್ಲ ಏನಿಲ್ಲ ಬರೇ ಮನಿ, ಆದ್ರೂ ವರ್ಷ ಪೂರ್ತಿ 450ಕ್ಕ ಕಡಿಮಿ ಬಂದದ್ದೇ ಇಲ್ಲ. ಗೃಹಜ್ಯೋತಿ ನಮಗ ಇದ್ದೂ ಇಲ್ಲದಂಗ. ನಾವು 3 ಕಿಲೋವ್ಯಾಟ್ ಆನ್‌ಗ್ರಿಡ್ ಹಾಕ್ಸಿವಿ, ಆರು ಪ್ಯಾನೆಲ್, ಒಂದು ಲಕ್ಷ ತೊಂಬತ್ತೈದು ಸಾವಿರ ಆಯ್ತು, 78,000 ಅಕೌಂಟಿಗೆ ವಾಪಸ್ ಬಂತು. ದಿನಕ್ಕ ಸರಾಸರಿ 12 ಯೂನಿಟ್ ಹಿಡೀರಿ, ವರ್ಷಕ್ಕ 4,300, ಇಪ್ಪತ್ತೆಂಟು ಸಾವಿರದ ಮ್ಯಾಲ ಉಳಿತಾಯ. ನಾಕು ವರ್ಷಕ್ಕ ಹಾಕಿದ್ದು ಬಂದುಬಿಡ್ತದ. ಅಂದ್ರ ಅದೇ ಪ್ಯಾನೆಲ್, ಅದೇ ಬಿಸಿಲು, ಒಂದು ಮನಿಗೆ ನಾಕು ವರ್ಷ, ಇನ್ನೊಂದು ಮನಿಗೆ ಮೂವತ್ತೈದು.

ಆದ್ರ ನೀವು ಮ್ಯಾಲ ಇನ್ನೊಂದು ಫ್ಲೋರ್ ಕಟ್ಟಿ ಬಾಡಿಗಿ ಕೊಡೋರಾ? ಹುಡುಗ್ರು ದೊಡ್ಡೋರಾದ್ರ ಇನ್ನೊಂದು ರೂಮಿಗೆ ಎಸಿ ಬರ್ತದಾ? ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳೋ ವಿಚಾರ ಅದನಾ? ಗೃಹಜ್ಯೋತಿ ಬಂದದ್ದು 2023ರ ಜುಲೈದಾಗ, ಅದು ಸರ್ಕಾರ ಕೊಟ್ಟ ಗ್ಯಾರಂಟಿ, ಮುಂದಿನ ಸರ್ಕಾರ ಏನ್ ಮಾಡ್ತದ ಯಾರು ಕಂಡಾರ. ಪ್ಯಾನೆಲ್ ನಿಮ್ಮ ಮಾಳಿಗಿ ಮ್ಯಾಲ ಇರ್ತದ, ಯಾರೂ ಕಿತ್ಕೊಂಡು ಹೋಗಂಗಿಲ್ಲ. ಅತ್ಲಾಗ ಈ ಸಬ್ಸಿಡಿ ಕೊಡೋ ಕೇಂದ್ರದ ಸೂರ್ಯಘರ್ ಸ್ಕೀಮು 2026-27ರ ಮಟ ಅಂತ ಇಟ್ಟಾರ. ಹಂಗಾಗಿ 5 ಕಿಲೋವ್ಯಾಟ್ ಬ್ಯಾಡ, ಬ್ಯಾಟರಿನೂ ಬ್ಯಾಡ, 2 ಕಿಲೋವ್ಯಾಟ್ ಹಾಕ್ಸಿ ಬಿಡ್ರಿ ಅಂತೀನಿ ನಾನು. ಕಿಲೋವ್ಯಾಟಿಗೆ 30,000 ಲೆಕ್ಕದಾಗ 60,000 ಸಬ್ಸಿಡಿ, ಮೂರನೇ ಕಿಲೋವ್ಯಾಟಿಗೆ 18,000 ಅಷ್ಟೇ, ಅದರ ಮ್ಯಾಲ ಎಷ್ಟು ಹಾಕಿದ್ರೂ ಒಂದು ಪೈಸಾ ಇಲ್ಲ. ಅಂಗಡಿಯವ್ರು 5 ಅಂದದ್ದು ಅವರ ಅನುಕೂಲಕ್ಕ.

ಬಿಸಿಲು ಹೆಚ್ಚಿದ್ದಷ್ಟೂ ಕರೆಂಟ್ ಹೆಚ್ಚು ಅಂತ ತಿಳ್ಕೋಬ್ಯಾಡ್ರಿ. ಪ್ಯಾನೆಲ್ ಮ್ಯಾಲ ಬರ್ದಿರೋ ವ್ಯಾಟು 25 ಡಿಗ್ರಿ ಲೆಕ್ಕದ್ದು. ನಮ್ಮಲ್ಲಿ ಮೇ ತಿಂಗಳದಾಗ ಗಾಳಿನೇ 42 ಡಿಗ್ರಿ, ಪ್ಯಾನೆಲ್ ಒಳಗ 65 ದಾಟ್ತದ, ಪ್ರತಿ ಡಿಗ್ರಿಗೆ 0.35 ಪರ್ಸೆಂಟ್ ಹೋಯ್ತಂದ್ರ ಹದಿನಾಕು ಪರ್ಸೆಂಟ್ ಬಿಸಿಲೇ ತಿಂತದ. ಟಾಪ್‌ಕಾನ್ ಅಂತ ಒಂದು ತರದ ಪ್ಯಾನೆಲ್ ಬರ್ತಾವ, ಅದರಾಗ ಡಿಗ್ರಿಗೆ 0.30 ಆಸುಪಾಸು, ನಮ್ಮ ಕಡಿಗೆ ಅದು ಚೊಲೊ. ನಮ್ಮನ್ಯಾಗ ಫೆಬ್ರವರಿ ಮಾರ್ಚ್‌ದಾಗ ಬರೋ ಕರೆಂಟ್ ಮೇದಾಗ ಬರಂಗಿಲ್ಲ. ಪ್ಯಾನೆಲ್ ಕೆಳಗ ಗಾಳಿ ಆಡಬೇಕು, ತಗಡಿಗೆ ಹಚ್ಚಿ ಮಲಗಿಸಬ್ಯಾಡ್ರಿ. ಪ್ಯಾನೆಲ್ ಕರೆಂಟನ್ನ ಮನಿಗೆ ಬಳಸೋ ಕರೆಂಟ್ ಮಾಡೋ ಇನ್ವರ್ಟರ್ ಮಾಳಿಗಿ ಮ್ಯಾಲ ಬಿಸಿಲಿಗೆ ಇಡಬ್ಯಾಡ್ರಿ, ಮೆಟ್ಲ ಕೆಳಗ ನೆಳ್ಳಾಗ ಇಡಸ್ರಿ, ಕಾದ್ರ ಅದು ತಾನೇ ಪವರ್ ಕಡಿಮಿ ಮಾಡ್ಕೋತದ.

ಧೂಳಿಂದು ಇನ್ನೊಂದು ಕತಿ. ಶಕ್ತಿನಗರದ 1,720 ಮೆಗಾವ್ಯಾಟಿನ ಕಲ್ಲಿದ್ದಲ ಕರೆಂಟ್ ಪ್ಲಾಂಟ್ ನಮ್ಮ ಜಿಲ್ಲಾದಾಗ, ಕುಡತಿನಿ 1,700 ಬಳ್ಳಾರಿದಾಗ, ಕರೆಂಟ್ ರಾಜ್ಯಕ್ಕೆಲ್ಲಾ ಹೋಗ್ತದ, ಬೂದಿ ನಮಗ ಉಳೀತದ! ನಿಮ್ಮ ಗಂಗಾವತ್ಯಾಗ ರೈಸ್ ಮಿಲ್ಲಿನ ಹೊಟ್ಟಿನ ಮಸಿ ಬೀಳ್ತದ, ಕೊಪ್ಪಳ ಕಡಿ ಕರೀ ಧೂಳು, ಬಳ್ಳಾರಿ ಸಂಡೂರು ಕಡಿ ಕೆಂಪು ಧೂಳು. ಬ್ಯಾಸಗ್ಯಾಗ ವಾರಕ್ಕ ಒಮ್ಮೆರ ತೊಳೀಲಿಲ್ಲಂದ್ರ ಯೂನಿಟ್ ಇಳಿಯೂದು ಮೊಬೈಲ್ ಆಪ್‌ನ್ಯಾಗೇ ಕಾಣ್ತದ. ಬೋರ್ ನೀರಿಲೆ ತೊಳೀಬ್ಯಾಡ್ರಿ, ನಮ್ಮ ಬೋರಿನ ಉಪ್ಪು ಗಾಜಿಗೆ ಬೆಳ್ಳಗ ಹಿಡಿದ್ರ ಉಜ್ಜಿದ್ರೂ ಹೋಗಂಗಿಲ್ಲ. ಕಾಲುವಿ ನೀರು, ಮಳಿ ನೀರು, ಇಲ್ಲಂದ್ರ ಫಿಲ್ಟರ್ ನೀರು. ನಸಿಕಿನ್ಯಾಗ ತೊಳೀರಿ, ಕಾದ ಗಾಜಿಗೆ ಮಧ್ಯಾಹ್ನ ತಣ್ಣೀರು ಹೊಡದ್ರ ಸೀಳಬಹುದು.

ಬಳ್ಳಾರಿ_ವೈರಿಂಗ್:

ರಾಯಚೂರು ಅಣ್ಣ, ನಿಮ್ಮ 450 ಯೂನಿಟ್ ಮನೆಗೆ ಹಾಕ್ಸಿದ್ದು ಸರಿ, ಅದರಾಗೆ ಎರಡು ಮಾತಿಲ್ಲ. ನಾನು ಹೇಳಿದ್ದು ಇವ್ರ ಈಗಿನ ಬಿಲ್ಲಿಗೆ. ಮೇಲೆ ಮನೆ ಕಟ್ಟೋ ವಿಚಾರ ಇದ್ರೆ ಅಂತೂ ಈಗ ಪ್ಯಾನೆಲ್ ಹಾಕ್ಸಿ ಆಮೇಲೆ ಬಿಚ್ಚಿ ಮತ್ತೆ ಹಾಕ್ಸೋ ಖರ್ಚು ಯಾರು ಕೊಡ್ತಾರೆ? ಸಬ್ಸಿಡಿ ಹೋಗ್ತೈತೆ ಅಂತ ಅವಸರಕ್ಕೆ ಬಿದ್ದು ತಗೊಂಡೋರನ್ನ ಬೇಕಾದಷ್ಟು ನೋಡೀನಿ. ಮನೆಗೆ ಬೇಕಾ ಅಂತ ಮೊದಲು, ಸಬ್ಸಿಡಿ ಆಮೇಲೆ.

ಗಂಗಾವತಿ_ಮಾಳಿಗಿ:

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ. ಎಮ್ಮಿ ಹೊಲದಾಗ ಅದಾವ್ರಿ ಅಕ್ಕಾ, ಊರಿಂದ ದೂರ, ಅಪ್ಪಗ ನಿಮ್ಮ ಮೆಸೇಜ್ ಓದಿ ಹೇಳಿದೆ, ಸುಮ್ನ ಆದ್ರು, ನಮ್ಮನಿಯಾಕಿ ಮಾತ್ರ ಎರಡು ಸಲ ಓದ್ಸಿಕೊಂಡ್ಲು. ಫ್ಯಾನ್ ಆರು ಅದಾವ, ಎಲ್ಲಾ ಹಳೇವು. ಯುಪಿಎಸ್ ಐತಿ, ಟ್ಯೂಬ್ಯುಲರ್ ಬ್ಯಾಟರಿ. ಮ್ಯಾಲ ಮನಿ ಕಟ್ಟೋ ವಿಚಾರ ಸದ್ಯ ಇಲ್ಲ. ಆದ್ರ ನಮ್ಮನಿಯಾಕಿ ಟೇಲರಿಂಗ್ ಮನ್ಯಾಗೇ ಶುರು ಮಾಡೋಳದಾಳ, ಎರಡು ಮಷೀನು, ಇಸ್ತ್ರಿ, ಹಗಲೆಲ್ಲಾ ನಡೀತೈತಿ. ಹಂಗಾದ್ರ ಯೂನಿಟ್ ಏರ್ತೈತಲ್ರಿ? ಮತ್ತ ಆ ಹೆಸರಿನ ವಿಷಯ ಯಾರೂ ಹೇಳ್ಲಿಲ್ಲ. ಅಂಗಡಿಯವ್ರು "ಅಜ್ಜನ ಹೆಸರಿನ್ಯಾಗೇ ಹಾಕ್ಸೋಣ, ನಾವ್ ಮಾಡ್ಕೊಡ್ತೀವಿ" ಅಂತಾರ.

ಕಾರಟಗಿ_ಮೇಷ್ಟ್ರು:

ಹಾಗೆ ಮಾತ್ರ ಮಾಡಬೇಡಿ. ಸಬ್ಸಿಡಿ ಬರೋದು ಯಾರ ಹೆಸರಲ್ಲಿ ವಿದ್ಯುತ್ ಕನೆಕ್ಷನ್ ಇದೆಯೋ ಅವರ ಬ್ಯಾಂಕ್ ಖಾತೆಗೆ. ತೀರಿಹೋದವರ ಖಾತೆ ಎಲ್ಲಿಂದ ತರ್ತೀರಿ? ಮೊದಲು ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂನ ಸೆಕ್ಷನ್ ಆಫೀಸಿಗೆ ಹೋಗಿ ಹೆಸರು ಬದಲಾವಣೆಗೆ ಅರ್ಜಿ ಕೊಡಿ. ಅಜ್ಜನವರ ಮರಣ ಪ್ರಮಾಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ನಗರಸಭೆಯ ಖಾತಾ, ಈ ವರ್ಷದ ತೆರಿಗೆ ರಸೀದಿ, ಉಳಿದ ವಾರಸುದಾರರ ಒಪ್ಪಿಗೆ ಇಟ್ಕೊಂಡೇ ಹೋಗಿ. ನಿಮ್ಮ ತಂದೆಯವರಿಗೆ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಇದ್ದರೆ ಒಪ್ಪಿಗೆ ಪತ್ರಕ್ಕೆ ಸಮಯ ಹಿಡಿಯುತ್ತೆ, ಸೋಲಾರ್ ಹಾಕಿಸಲಿ ಬಿಡಲಿ ಇದನ್ನು ಈಗಲೇ ಶುರು ಮಾಡಿ. ಖಾತಾ ಕೂಡ ಅಜ್ಜನ ಹೆಸರಲ್ಲೇ ಇದ್ದರೆ ಅದು ಮೊದಲು. ನಮ್ಮ ಕಡೆ ಅರ್ಧ ಊರಿನ ಮೀಟರ್ ಇನ್ನೂ ಸ್ವರ್ಗವಾಸಿಗಳ ಹೆಸರಲ್ಲೇ ಓಡ್ತಾ ಇದಾವೆ, ಬಿಲ್ ಕಟ್ಟೋವರೆಗೆ ಯಾರೂ ಕೇಳಲ್ಲ, ಇಂಥದ್ದೇನಾದ್ರೂ ಮಾಡಲು ಹೋದಾಗಲೇ ಗೊತ್ತಾಗೋದು.

ಹೆಸರು ಬದಲಾದ ಮೇಲೆ ಪಿಎಂ ಸೂರ್ಯಘರ್ ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಿ, ಮೊಬೈಲ್ ನಂಬರ್ ನಿಮ್ಮದೇ ಕೊಡಿ, ಅಂಗಡಿಯವರದ್ದು ಕೊಡಬೇಡಿ. 10 ಕಿಲೋವ್ಯಾಟ್‌ವರೆಗೆ ಈಗ ಫೀಸಿಬಿಲಿಟಿಗೆ, ಅಂದರೆ ಲೈನಿಗೆ ಸೇರಿಸಬಹುದಾ ಅನ್ನೋ ತಪಾಸಣೆಗೆ ಬೇರೆ ಓಡಾಟ ಇಲ್ಲ. ಪೋರ್ಟಲ್‌ನಲ್ಲಿ ನೋಂದಾಯಿಸಿದ ವೆಂಡರ್ ಆಗಿರಬೇಕು, ಪ್ಯಾನೆಲ್ ಡಿಸಿಆರ್ ಆಗಿರಬೇಕು, ಅಂದರೆ ಒಳಗಿನ ಸೆಲ್ಲೂ ಇಲ್ಲೇ ದೇಶದಲ್ಲಿ ಆಗಿದ್ದು. ಡಿಸಿಆರ್ ಅಲ್ಲದ್ದು ಅಗ್ಗ, ಅದನ್ನು ಹಾಕಿಸಿದರೆ ಸಬ್ಸಿಡಿ ಇಲ್ಲ. ಇಬ್ಬರು ಮೂವರ ಕೊಟೇಶನ್ ತಗೊಳ್ಳಿ, 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ, ಹಳೇ ರೇಟು ಹಾಕಿದ್ದಾರಾ ನೋಡಿ. ಪೂರ್ತಿ ಹಣ ಮುಂಗಡ ಕೊಡಬೇಡಿ, ಕೊನೆಯ ಕಂತು ನೆಟ್ ಮೀಟರ್ (ಲೈನಿಗೆ ಕೊಟ್ಟ, ಲೈನಿಂದ ತಗೊಂಡ ಯೂನಿಟ್ ಎರಡೂ ಎಣಿಸೋ ಮೀಟರ್) ಕೂತ ಮೇಲೆ ಅಂತ ಬರೆಸಿಕೊಳ್ಳಿ. ಸಾಲ ಬೇಕಾದರೆ ಸರ್ಕಾರಿ ಬ್ಯಾಂಕಿನಲ್ಲಿ ಈ ಸ್ಕೀಮಿಗೇ ಅಂತ ಆಧಾರ ಇಲ್ಲದ ಸಾಲ ಇದೆ, ಅಂಗಡಿಯವರು ತೋರಿಸೋ ಫೈನಾನ್ಸ್‌ಗಿಂತ ಬಡ್ಡಿ ಕಡಿಮೆ.

ಬಳ್ಳಾರಿ_ವೈರಿಂಗ್:

ಟೇಲರಿಂಗ್ ಮಾತು ಮೊದಲೇ ಹೇಳಬೇಕಿತ್ತಲ್ಲಪ್ಪ! ಹಗಲು ಹೊತ್ತು ಕೆಲಸ ನಡೆಯೋ ಮನೆಗೆ ಸೋಲಾರ್ ಲೆಕ್ಕವೇ ಬೇರೆ. ಹೊಲಿಗೆ ಮಷೀನ್ ಮೋಟರ್ ಏನು ಹೆಚ್ಚು ತಿನ್ನಲ್ಲ, ಇಸ್ತ್ರಿ ತಿಂತೈತೆ, ಒಂದು ಕಿಲೋವ್ಯಾಟ್ ಅದು. ದಿನಾ ಮೂರು ತಾಸು ಹಚ್ಚಿದ್ರೆ ತಿಂಗಳಿಗೆ ಅದೇ 70–80 ಯೂನಿಟ್ ಆಗ್ತೈತೆ, ಫ್ಯಾನ್ ಬದಲಿಸಿ ಉಳಿಸಿದ್ದರಾಗೆ ಮುಕ್ಕಾಲು ಪಾಲು ಅಲ್ಲೇ ಹೋಯ್ತು. ಅವಾಗ ಮಳೆಗಾಲ ಚಳಿಗಾಲದಾಗೂ 200ರ ಗಡಿ ಹತ್ರಾನೇ ಇರ್ತೀರಿ. ಇಸ್ತ್ರಿಗೆ ಕಮರ್ಷಿಯಲ್ ಮೀಟರ್ ಬೇಕಾ ಅಂತ ಸೆಕ್ಷನ್ ಆಫೀಸ್‌ನಾಗೆ ಮೇಷ್ಟ್ರು ಹೇಳಿದ ಅರ್ಜಿ ಕೊಡೋವಾಗ್ಲೇ ಕೇಳಿ ಬಿಡು, ಮೀಟರ್ ಬೇರೆ ಆದ್ರೆ ಲೆಕ್ಕ ಎಲ್ಲಾ ತಿರುಗಾಮುರುಗಾ ಆಗ್ತೈತೆ.

ಹಂಗಾಗಿ ನನ್ನ ಮಾತು: ಫ್ಯಾನ್ ಈ ತಿಂಗಳೇ ಬದಲಿಸು, ಅದಕ್ಕೆ ಯಾರ ಸಹಿನೂ ಬೇಕಿಲ್ಲ. ಹೆಸರು ಬದಲಾಗೋ ಹೊತ್ತಿಗೆ ಟೇಲರಿಂಗ್ ಎರಡು ಮೂರು ತಿಂಗಳು ನಡೆದಿರ್ತೈತೆ, ಆ ಬಿಲ್ ನೋಡು. 200 ದಾಟ್ತಾ ಇದ್ರೆ 2 ಕಿಲೋವ್ಯಾಟ್ ಆನ್‌ಗ್ರಿಡ್ ಹಾಕ್ಸು, ರಾಯಚೂರು ಅಣ್ಣ ಹೇಳ್ದಂಗೆ. ಬ್ಯಾಟರಿಗೆ ಸಬ್ಸಿಡಿ ಇಲ್ಲ, ಅದನ್ನ ಆಮೇಲೆ ಬೇಕಂದ್ರೆ ನೋಡ್ಕೊಳ್ಳೋಣ. ಟ್ಯೂಬ್ಯುಲರ್‌ಗೆ ಡಿಸ್ಟಿಲ್ಡ್ ವಾಟರ್ ನಮ್ಮ ಬಿಸಿಲಿಗೆ ಬೇಗ ಇಳೀತೈತೆ, ನೋಡ್ತಾ ಇರು.

2 ಕಿಲೋವ್ಯಾಟ್‌ಗೆ ನಾಲ್ಕು ಪ್ಯಾನೆಲ್, ಇನ್ನೂರು ಚದರಡಿ ಸಾಕು. ಸ್ಟ್ರಕ್ಚರ್ ಎತ್ತರ ಮಾಡ್ಸು, ಏಳೆಂಟು ಅಡಿ, ಕೆಳಗೆ ಓಡಾಡ್ಬಹುದು, ಅಮ್ಮೋರ ಸಂಡಿಗೆಗೆ ಮಾತ್ರ ಬಿಸಿಲಿನ ಜಾಗ ಬಿಟ್ಟು ಕೂರಿಸಬೇಕು. ಎತ್ತರ ಮಾಡಿದ್ರೆ ರೇಟ್ ಹೆಚ್ಚಾಗ್ತೈತೆ, ಏಪ್ರಿಲ್ ಮೇ ಬಿರುಗಾಳಿಗೆ ಕಾಲು ಗಟ್ಟಿ ಇರಬೇಕು, ಪೈಪು ಹಾಟ್ ಡಿಪ್ ಗ್ಯಾಲ್ವನೈಸ್ ಆಗಿರಬೇಕು, ಬರೇ ಬಣ್ಣ ಹೊಡೆದ ಕಬ್ಬಿಣ ತಂದ್ರೆ ವಾಪಸ್ ಕಳ್ಸು. ಸ್ಲ್ಯಾಬ್ ತೂತು ಮಾಡಿದ್ರೆ ಮಳೆಗಾಲದಾಗೆ ಸೋರ್ತೈತೆ, ಕಾಂಕ್ರೀಟ್ ಪೆಡೆಸ್ಟಲ್ ಕಟ್ಟಿ ನಿಲ್ಲಿಸಾಕೆ ಹೇಳು. ಮುಖ ದಕ್ಷಿಣಕ್ಕೆ, ವಾಲು ಹದಿನೈದು ಡಿಗ್ರಿ ಆಸುಪಾಸು. ಸಿಂಟೆಕ್ಸ್ ನೆರಳು, ಮೇಲಿನ ರೂಮಿನ ನೆರಳು ಸಾಯಂಕಾಲ ಎಲ್ಲಿಗೆ ಬೀಳ್ತೈತೆ ನೋಡ್ಕ, ಒಂದು ಪ್ಯಾನೆಲ್ ಮೂಲೆಗೆ ನೆರಳು ಬಿದ್ರೂ ಸಾಲು ಪೂರ್ತಿ ಕುಂಟ್ತೈತೆ.

ಮಂಗನ ಬಗ್ಗೆ, ಹೊಸಪೇಟೆ ಕಮಲಾಪುರ ಕಡೆ ನಾನು ಹಾಕಿದ ಮನೆಗಳಾಗೆ ಕಂಡಿದ್ದು ಇಷ್ಟು: ಪ್ಯಾನೆಲ್ ಮೇಲೆ ಕೂತ್ರೆ ಗಾಜು ಒಡೆಯಲ್ಲ, ಟಫನ್ಡ್ ಅದು. ವೈರ್ ಜೋತಾಡ್ತಾ ಇದ್ರೆ ಎಳೀತಾವೆ. ವೈರೆಲ್ಲಾ ಪೈಪ್ ಒಳಗೆ, ಕನೆಕ್ಟರ್ ಎಲ್ಲಾ ಫ್ರೇಮಿಗೆ ಬಿಗಿದು ಕಟ್ಟಿಸು, ಪ್ಲಾಸ್ಟಿಕ್ ಟೈ ನಮ್ಮ ಬಿಸಿಲಿಗೆ ಒಂದು ವರ್ಷಕ್ಕೆ ಪುಡಿ ಆಗ್ತೈತೆ, ಸ್ಟೀಲ್ ಟೈ ಹಾಕ್ಸು. ಅರ್ಥಿಂಗ್ ಮೂರು ಬೇರೆ ಬೇರೆ, ಪ್ಯಾನೆಲ್ ಕಡೆ ಡಿಸಿ ಕರೆಂಟ್‌ಗೆ ಒಂದು, ಇನ್ವರ್ಟರ್‌ನಿಂದ ಮನೆಗೆ ಬರೋ ಎಸಿ ಕರೆಂಟ್‌ಗೆ ಒಂದು, ಸಿಡಿಲಿನ ಅರೆಸ್ಟರ್‌ಗೆ ಒಂದು. ನಿಮ್ಮದು ಎರೆ ಭೂಮಿ, ಬೇಸಿಗ್ಯಾಗೆ ಬಿರುಕು ಬಿಟ್ಟು ರಾಡ್ ಸುತ್ತ ಮಣ್ಣೇ ಇರಲ್ಲ, ಆ ಗುಂಡಿಗೆ ನೀರು ಹಾಕ್ತಾ ಇರಬೇಕು.

ಗಂಗಾವತಿ_ಮಾಳಿಗಿ:

ಅಣ್ಣಾ ಇಷ್ಟು ಬಿಡಿಸಿ ಹೇಳಿದ್ರಿ, ಭಾಳ ಉಪಕಾರ ಆತು. ನಾಳೆ ವಂಶವೃಕ್ಷಕ್ಕ ನಾಡಕಚೇರಿಗೆ ಹೊಂಟೀನಿ, ನಮ್ಮ ದೊಡ್ಡಪ್ಪನ ಸಹಿ ತಗೊಳ್ಳೂದು ಕಾವೇರಿ ಗಲಾಟಿಗಿಂತ ದೊಡ್ಡದು, ನೋಡೋಣ. ಕೊನೀ ಪ್ರಶ್ನಿ, ಭತ್ತದ ಟೈಮಿನ್ಯಾಗ ವೋಲ್ಟೇಜ್ ಬೀಳ್ತೈತಿ ಅಂದಿದ್ನೆಲ್ಲ, ಅದರಿಂದ ಆನ್‌ಗ್ರಿಡ್‌ಗೆ ಏನರ ತ್ರಾಸು ಐತೇನ್ರಿ?

ಬಳ್ಳಾರಿ_ವೈರಿಂಗ್:

ಐತೆ. ವೋಲ್ಟೇಜ್ ಒಂದು ಮಿತಿಗಿಂತ ಕೆಳಗೆ ಹೋದ್ರೂ ಮೇಲೆ ಹೋದ್ರೂ ಆನ್‌ಗ್ರಿಡ್ ಇನ್ವರ್ಟರ್ ಬಿಟ್ಟುಬಿಡ್ತೈತೆ, ಆ ಹೊತ್ತು ಪ್ಯಾನೆಲ್ ಸುಮ್ನೆ ಬಿಸಿಲು ಕಾಯಿಸ್ತಾ ಕೂತಿರ್ತೈತೆ. ಮೊದಲು ನಿಮ್ಮ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಪಂಪ್‌ಸೆಟ್ ಲೋಡ್ ಐತಾ ಅಂತ ಲೈನ್‌ಮ್ಯಾನ್‌ನ ಕೇಳು, ಊರೊಳಗಿನ ಟಿಸಿ ಬೇರೆ ಇದ್ರೆ ಅಷ್ಟು ತೊಂದರೆ ಆಗಲ್ಲ. ಒಂದು ವೋಲ್ಟ್ ಮೀಟರ್ ಪ್ಲಗ್ ತಗೋ, ಅಂಗಡ್ಯಾಗೆ ಸಿಗ್ತಾವೆ, ಮಧ್ಯಾಹ್ನ ಹನ್ನೊಂದರಿಂದ ಮೂರರ ತನಕ ಎಷ್ಟು ತೋರಿಸ್ತೈತೆ ಒಂದು ವಾರ ಬರ್ದಿಡು. 200ಕ್ಕಿಂತ ಕೆಳಗೆ ಮೇಲಿಂದ ಮೇಲೆ ಬೀಳ್ತಾ ಇದ್ರೆ ಸೆಕ್ಷನ್ ಆಫೀಸ್‌ಗೆ ಬರವಣಿಗೆಯಾಗೆ ಕಂಪ್ಲೇಂಟ್ ಕೊಡು, ಸ್ವೀಕೃತಿ ತಗೋ, ಮತ್ತೆ ಆ ಚೀಟಿ ಫೋಟೋ ಇಲ್ಲಿ ಹಾಕು, ಯಾವ ಇನ್ವರ್ಟರ್ ಆಗ್ತೈತೆ ಅಂತ ಅದನ್ನ ನೋಡಿ ಹೇಳ್ತೀನಿ.